ಪಕ್ಕದ ಮನೆಯ ಎದೆಬಡಿತ

ಭಾನುವಾರ ಬೆಳಿಗ್ಗೆ ಅಂಗಿಯ ಎಡತೋಳನ್ನು ಮೊಣಕೈ ಮೇಲಕ್ಕೆ ಮಡಿಸಿ ಕೂರುವ ಅಭ್ಯಾಸವೊಂದು ನನಗೆ ಈಚೆಗೆ ಅಂಟಿಕೊಂಡಿದೆ. ತೋಳು ಮಡಿಸುವುದು ನನ್ನ ಶಿಸ್ತಿನ ಸಂಹಿತೆಯಲ್ಲಿ ಅಪರಾಧ. ಮಾನ್ವಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿ ನಿವೃತ್ತನಾಗುವವರೆಗೆ, ತೋಳು ಮಡಿಸಿಕೊಂಡು ಬಂದ ಹುಡುಗರನ್ನು ಮೈದಾನದ ಸುತ್ತ ಓಡಿಸಿದವನು ನಾನು. ಅಂಥವನು ಈಗ ಒಂದು ತೋಳನ್ನು ಮಡಿಸಿ, ಇನ್ನೊಂದರ ಗುಂಡಿ ಹಾಕಿಕೊಂಡು, ಅರ್ಧ ಜಗಳಕ್ಕೆ ಮಾತ್ರ ಹೊರಟವನಂತೆ ಅಂಗಳದ ಕುರ್ಚಿಯಲ್ಲಿ ಕೂರುತ್ತಾನೆಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲವೇ? ಇದೆ. ಅದರ ಹೆಸರು ಹೊಟ್ಟೆಕಿಚ್ಚು.

ನನ್ನ ತಮ್ಮನ ಮೊಮ್ಮಗಳು ಸುಜಾತಾ ದೇವದುರ್ಗ ತಾಲ್ಲೂಕಿನ ನಮ್ಮೂರು ಮಸರಕಲ್‌ನಿಂದ ಡಾಕ್ಟರಿಕೆ ಓದಲು ನಾನೀಗ ನೆಲೆಸಿರುವ ರಾಯಚೂರಿಗೆ ಬಂದಳು. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಿನ ಮೊದಲ ಕಿಡಿ ಅಲ್ಲಿಯೇ ಹಾರಿತು. ಕೂಲಿಗೆ ಹೋಗುವ ನಮ್ಮ ಓಣಿಯಿಂದ ಮೊದಲು ಸರ್ಕಾರಿ ನೌಕರಿ ಹಿಡಿದವನು ನಾನು. ಊರಿಗೆ ಹೋದರೆ ಕಟ್ಟೆಯ ಮೇಲಿದ್ದವರು ಸರಿದು ಜಾಗ ಕೊಡುತ್ತಿದ್ದರು. ಅವಳಿಗೆ ಸೀಟು ಸಿಕ್ಕ ಮೇಲೆ ಹೋದಾಗಲೂ ಜಾಗವೇನೋ ಕೊಟ್ಟರು, ಆದರೆ "ಡಾಕ್ಟ್ರವ್ವನ ತಾತ ಬಂದಾನ, ಸರೀರಪ್ಪಾ" ಎಂದು ಕೊಟ್ಟರು. ಕುಳಿತದ್ದು ಅದೇ ಕಲ್ಲಿನ ಮೇಲಾದರೂ ಅಂದು ಅದು ಸ್ವಲ್ಪ ಒತ್ತುತ್ತಿತ್ತು.

ಆದರೂ ಹುಡುಗಿಯ ಮೇಲೆ ನನಗೆ ಪ್ರಾಣ. ಚಿಕ್ಕವನಿದ್ದಾಗ ನಾನೂ ತಗಡಿನ ಪೆಟ್ಟಿಗೆ ಹೊತ್ತು ದೇವದುರ್ಗದ ಹಾಸ್ಟೆಲಿಗೆ ಸೇರಿದ ದಿನ ಅನ್ನ ಮುಟ್ಟದೆ ಮಲಗಿದ್ದು ನನಗಿನ್ನೂ ನೆನಪಿದೆ. ಹಾಸ್ಟೆಲಿನ ಗಂಟೆಯೇ ನನ್ನನ್ನು ಕೈಹಿಡಿದು ನಡೆಸಿತು ಎಂಬುದು ನನ್ನ ಬಲವಾದ ನಂಬಿಕೆ. ಆದ್ದರಿಂದ ಅವಳಿಗಾಗಿ ರಟ್ಟಿನ ಮೇಲೆ ಒಂದು ವೇಳಾಪಟ್ಟಿ ಬರೆದು ಗೋಡೆಗೆ ತೂಗುಹಾಕಿದ್ದೆ. ಅವಳು ಕಾಲೇಜಿನ ಹಾಸ್ಟೆಲಿನಲ್ಲೇ ಇರಬೇಕೆಂದಾದಾಗ ಪಟ್ಟಿಯನ್ನು ಪರಿಷ್ಕರಿಸಿ ಭಾನುವಾರಕ್ಕಷ್ಟೇ ಸೀಮಿತಗೊಳಿಸಿದೆ.

ಮೊದಲ ಭಾನುವಾರ ಬಂದವಳು ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಳು. "ತಾತಾ, ನಂಗ ಆಗಂಗಿಲ್ಲ. ಕ್ಲಾಸಿನ್ಯಾಗ ಎಲ್ರೂ ಇಂಗ್ಲೀಷ್ನಾಗ ನಗ್ತಾರ, ನಾ ಯಾವಾಗ ನಗಬೇಕಂತ ಗೊತ್ತಾಗವಲ್ದು. ಊರಿಗೆ ಹೋಗಿಬಿಡ್ತೀನಿ" ಎಂದಳು. ನಾನು ವೇಳಾಪಟ್ಟಿಯತ್ತ ಕೈ ತೋರಿಸಿದೆ. ಅವಳ ಕಣ್ಣಲ್ಲಿ ನೀರು ತುಂಬಿತು. ಅಷ್ಟರಲ್ಲಿ ಕಾಂಪೌಂಡ್ ಗೋಡೆಯ ಆಚೆಯಿಂದ ಬಸಣ್ಣನ ದನಿ ಬಂತು.

ಬಸಣ್ಣನ ಪರಿಚಯ ಹೇಳಬೇಕು. ಸಿರವಾರದಲ್ಲಿ ಭತ್ತದ ದಲ್ಲಾಳಿಯಾಗಿದ್ದು, ವ್ಯಾಪಾರವನ್ನು ಮಗನಿಗೆ ಬಿಟ್ಟು ಇಲ್ಲಿ ಮನೆ ಮಾಡಿರುವ ನನ್ನ ನೆರೆಯವನು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಬಿಸಿಲು ಮುಖಕ್ಕೆ ಬಡಿದಾಗ ಏಳುವುದು, ಮಂಡಕ್ಕಿಯ ಮಂಡಾಳ ಒಗ್ಗರಣೆಗೆ ಮಿರ್ಚಿ ನಂಜಿಕೊಳ್ಳುವುದು, ಮಿರ್ಚಿ ಮುಗಿದ ದುಃಖಕ್ಕೆ ಮಲಗುವುದು, ಇದು ಅವನ ದಿನಚರಿ.

"ಏನವ್ವಾ ಡಾಕ್ಟ್ರವ್ವಾ, ಕೊಳ್ಳಾಗ ಹಾಕ್ಕೊಂಡಿದ್ದು ಬರೇ ಹಾರೇನು? ಇಲ್ಲಿ ಬಾ, ನನ್ನ ಎದ್ಯಾಗ ಹಿಟ್ಟಿನ ಗಿರಣಿ ಅದ, ಕೇಳು."

ಸಣ್ಣವನಿದ್ದಾಗಲೇ ಯಾರೋ ಡಾಕ್ಟರು ಅವನ ಎದೆಯಲ್ಲಿ ಬೇರೆ ಸದ್ದಿದೆ ಎಂದಿದ್ದರಂತೆ. ಆಮೇಲೆ ಅವನು ಯಾರಿಗೂ ತೋರಿಸಿರಲಿಲ್ಲ. ಸುಜಾತಾ ಕಣ್ಣೊರೆಸಿಕೊಂಡು ಹೋಗಿ ಸ್ಟೆತಸ್ಕೋಪ್ ಇಟ್ಟಳು. ಮೋಡ ಸರಿದಂತೆ ಅವಳ ಮುಖ ತೆರೆಯಿತು. "ತಾತಾ, ಲಬ್-ಡಬ್ ನಡುವ ಗಾಳಿ ಊದಿದಂಗ ಬರಾಕತ್ತದ. ಪುಸ್ತಕದಾಗ ಓದಿದ್ದೆ, ಖರೇನ ಅದ ನೋಡು" ಎಂದು ನಕ್ಕಳು. ನನ್ನ ರಟ್ಟು ಮಾಡಲಾಗದ್ದನ್ನು ಅವನ ರೋಗ ಮಾಡಿತ್ತು.

ಅಲ್ಲಿಂದ ಮುಂದೆ ಭಾನುವಾರಗಳು ಬಸಣ್ಣನ ಪಾಲಾದವು. ಇಂಗ್ಲಿಷಿನಲ್ಲಿ ನಗುತ್ತಿದ್ದ ಗೆಳತಿಯರನ್ನೂ ಅವಳು ಕರೆತಂದಳು. ಅವರೆಲ್ಲ ಈಗ ಅವನ ಅಂಗಳದಲ್ಲಿ ಮಿರ್ಚಿ ತಿನ್ನುತ್ತ ಅಪ್ಪಟ ಕನ್ನಡದಲ್ಲಿ ನಗುತ್ತಿದ್ದರು. ಅವನು ಅಂಗಿ ಬಿಚ್ಚಿ ಮಠದ ಸ್ವಾಮಿಯಂತೆ ಕುಳಿತು ಒಬ್ಬೊಬ್ಬರಿಗೂ ಎದೆಯ ದರ್ಶನ ಕೊಡುತ್ತಿದ್ದ. ನನ್ನ ಎಡತೋಳಿಗೂ ಅವರು ಒಮ್ಮೊಮ್ಮೆ ಬಿ.ಪಿ. ಪಟ್ಟಿ ಸುತ್ತುವರು, ಆದರೆ ಬಸ್ಸು ನಿಲ್ಲದ ಊರಿನ ನಿಲ್ದಾಣದಂತೆ ನನ್ನನ್ನು ದಾಟಿಬಿಡುವರು. "ನಿಂದೆಲ್ಲಾ ನಾರ್ಮಲ್ ಅದ ತಾತಾ." ಜೀವಮಾನವಿಡೀ ಸೂರ್ಯನಿಗಿಂತ ಮೊದಲೆದ್ದು ನಮಸ್ಕಾರ ಹಾಕಿದ್ದರ ಫಲಶ್ರುತಿ ಇದೊಂದು ಪದ. ನನ್ನ ರಕ್ತ, ನಾಡಿ, ಮಂಡಿ ಎಲ್ಲವೂ ಕವಾಯತಿನಲ್ಲಿ ನಿಂತ ಒಳ್ಳೆಯ ಹುಡುಗರು. ಒಳ್ಳೆಯ ಹುಡುಗರ ಹೆಸರು ಯಾವ ಮೇಷ್ಟರಿಗೂ ನೆನಪಿರುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೊನೆಗೆ ರೋಗಿಯಾಗಲು ನಾನೂ ಪ್ರಯತ್ನಿಸಿದೆ. ವಾಕಿಂಗ್ ಬಿಟ್ಟು, ಉಪ್ಪಿನಕಾಯಿಯನ್ನು ಪಲ್ಯದಂತೆ ತಿಂದೆ, ಬಿ.ಪಿ. ಕದಲಲಿಲ್ಲ. ಮಂಡಿ ನೋವೆಂದೆ; ಅವಳು ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಪಟ್ಟನೆ ಚಿಮ್ಮಿ ನನ್ನನ್ನೇ ಸುಳ್ಳುಗಾರನನ್ನಾಗಿಸಿತು. ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದೆ. "ಅದು ಫೋನ್ ತಾತಾ, ನಿನ್ನ ಜೇಬಿನ್ಯಾಗ ನಡುಗಾಕತ್ತದ" ಎಂದಳು. ಒಳಗಿನಿಂದ ನನ್ನ ಹೆಂಡತಿ, "ಜಡ್ಡಿಲ್ಲಂತ ಅಳೋ ಗಂಡಸನ್ನ ಇವತ್ತೇ ನೋಡಿದೆ ನೋಡವ್ವಾ" ಎಂದಳು.

ಹೀಗಿರುವಾಗ ಒಂದು ದಿನ, ವಾರದ ನಡುವೆ, ಸುಜಾತಾ ಚೀಲ ಸಮೇತ ಬಂದಳು. ದೇವದುರ್ಗದ ಬಸ್ಸಿಗೆ ಹೊರಟಿದ್ದಳು. ಕಾಲೇಜಿನ ಪರೀಕ್ಷೆಯಲ್ಲಿ ಒಬ್ಬರ ಎದೆ ಕೇಳಿ ಹೇಳಬೇಕಿತ್ತಂತೆ; ಇವಳು ಬೇರೆ ಸದ್ದು ಇದೆ ಎಂದಳಂತೆ. ಅದು ಏನೂ ಆಗದ, ಗಟ್ಟಿಮುಟ್ಟಾದ ಎದೆ. ಬಸಣ್ಣನ ಎದೆ ಕೇಳಿ ಕೇಳಿ ಇವಳ ಕಿವಿಗೆ ಎಲ್ಲ ಎದೆಯಲ್ಲೂ ಗಿರಣಿಯೇ ತಿರುಗುತ್ತಿತ್ತು. ಮೇಡಂ ಎಲ್ಲರೆದುರಿಗೆ, ಸರಿ ಇದ್ದದ್ದೇ ಗೊತ್ತಾಗದವಳಿಗೆ ಕೆಟ್ಟದ್ದು ಏನು ಗೊತ್ತಾದೀತು ಎಂದುಬಿಟ್ಟರಂತೆ.

"ನಾ ಡಾಕ್ಟ್ರಾಗಾಕ ಲಾಯಕ್ಕಿಲ್ಲ ತಾತಾ" ಎಂದು ಅವಳು ಅಳತೊಡಗಿದಾಗ ಗೋಡೆಯ ಮೇಲಿನ ರಟ್ಟು ನನ್ನನ್ನು ನೋಡಿತು. ನಾನು ಅದರತ್ತ ನೋಡಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಎದುರಿಗೆ ಕುಳಿತೆ.

"ಸರಿ ಇದ್ದದ್ದು ಬೇಕಲ್ಲ? ಕೇಳು."

ಅವಳು ಬಹಳ ಹೊತ್ತು ಕೇಳಿದಳು. "ಸುಮ್ನ ಕುಂದ್ರು ತಾತಾ, ಯಾಕ ಓಡಾಕತ್ತದ?" ಎಂದು ಒಮ್ಮೆ ಗದರಿದಳು. ಓಡದೆ ಏನು ಮಾಡೀತು, ಕಾದು ಕಾದು ಅದರ ಸರದಿ ಬಂದಿತ್ತು. ಆಮೇಲೆ ಸ್ಟೆತಸ್ಕೋಪನ್ನು ನನ್ನ ಕಿವಿಗೇ ಸಿಕ್ಕಿಸಿದಳು. ಎಡ-ಬಲ, ಎಡ-ಬಲ, ಒಳಗೆ ಯಾರೋ ಕವಾಯತು ನಡೆಸುತ್ತಿದ್ದರು. ಆ ಸಂಜೆಯ ಬಸ್ಸು ಅವಳಿಲ್ಲದೆಯೇ ಹೋಯಿತು. ಮುಂದಿನ ಭಾನುವಾರಗಳು ನನ್ನವಾದವು. ಆಚೆಯಿಂದ ಬಸಣ್ಣ, "ಏನ್ರೀ ಮಾಸ್ತರ, ನಮ್ಮ ಗಿರಣಿಗೆ ಗಿರಾಕಿನ ಇಲ್ದಂಗ ಮಾಡಿದ್ರಿ" ಎಂದಾಗ ನನಗಾದ ಸಂತೋಷವನ್ನು ಬಣ್ಣಿಸುವುದು ಸಜ್ಜನಿಕೆಯಲ್ಲ.

ಆ ಸಂತೋಷ ಬಹಳ ಬಾಳಲಿಲ್ಲ. ಅವನ ಮೇಲೆ ಕನಿಕರ ಬಂದು ಅವಳು ಒಂದು ಭಾನುವಾರ ಮತ್ತೆ ಆಚೆ ಹೋದಳು. ನಾನು ಗೋಡೆಯ ಮೇಲಿಂದ ನೋಡುತ್ತಿದ್ದೆ. ನೋಡದಿರಲು ನಾನೇನು ಸಂತನೇ? ಈ ಸಲ ಸ್ಟೆತಸ್ಕೋಪ್ ಇಟ್ಟವಳು ನಗಲಿಲ್ಲ. "ಕಾಕಾ, ಮೆಟ್ಟಲಾ ಹತ್ತಿದ್ರ ದಮ್ಮು ಬರ್ತದೇನು? ಕಾಲಿಗೆ ಬಾವು ಬರ್ತದೇನು?" ಎಂದಳು. ಅವನು ಮಿರ್ಚಿಯ ಬಗ್ಗೆ ಏನೋ ತಮಾಷೆ ಮಾಡಿದ. "ನಗಬ್ಯಾಡ್ರಿ ಕಾಕಾ. ನಾಳೆ ದೊಡ್ಡ ಡಾಕ್ಟ್ರಿಗೆ ತೋರಸ್ರಿ" ಎಂದಳು. ಆರೋಗ್ಯದ ಎದೆಯ ಸದ್ದು ಕಿವಿಯಲ್ಲಿ ಕೂರುವವರೆಗೆ ಅವನ ಎದೆ ಅವಳಿಗೆ ಸಂಗೀತವಾಗಿತ್ತು. ಈಗ ಅದು ನರಳುವುದು ಕೇಳಿಸಿತ್ತು.

ಮರುದಿನ ಅವನನ್ನು ಆಸ್ಪತ್ರೆಗೆ ಹೊರಡಿಸಿದವನು ನಾನೇ. ಆಟೋ ಬರುವ ಮೊದಲೇ ಅವನ ಚಪ್ಪಲಿ ಬಾಗಿಲಲ್ಲಿಟ್ಟಿದ್ದೆ. ಎದೆಯ ಕವಾಟ ಕೆಟ್ಟಿದೆ, ಬದಲಿಸಬೇಕು ಎಂದರು. ಮಗ ಹೈದರಾಬಾದಿಗೆ ಕರೆದೊಯ್ದ. ಆ ದಿನಗಳಲ್ಲಿ ಗೋಡೆಯಾಚೆಯ ಖಾಲಿ ಕುರ್ಚಿಯನ್ನು ನೋಡುವಾಗ ನನಗೊಂದು ವಿಷಯ ಹೊಳೆಯಿತು. ಹೊಟ್ಟೆಕಿಚ್ಚು ಪಡಲಿಕ್ಕೂ ಎದುರಿಗೆ ಒಬ್ಬ ಇರಬೇಕು. ಅವನು ನಗುತ್ತ ಮಿರ್ಚಿ ತಿನ್ನುತ್ತಿರಬೇಕು. ಸುಜಾತಾ ಭಾನುವಾರ ಬಂದು ನನ್ನೊಬ್ಬನ ಬಳಿಯೇ ಕುಳಿತರೂ ಇಬ್ಬರ ಕಣ್ಣುಗಳೂ ಗೋಡೆಯಾಚೆಗೇ ಹೋಗುತ್ತಿದ್ದವು.

ಬಸಣ್ಣ ಬದುಕಿ ಬಂದ. ಹೊಸ ಕವಾಟಕ್ಕೆ ರಾತ್ರಿಯ ಗುಳಿಗೆ ದಿನವೂ ಹೊತ್ತಿಗೆ ಸರಿಯಾಗಿ ಬೀಳಬೇಕಂತೆ. ಹೊತ್ತು ಎಂಬ ಪದಾರ್ಥದ ಪರಿಚಯವಿಲ್ಲದ ಅವನು "ಮಾಸ್ತರ, ಟೈಮ್ ಆಯ್ತೇನ್ರೀ?" ಎಂದು ಗೋಡೆಯಾಚೆಯಿಂದ ಕೂಗುತ್ತಾನೆ; ನಾನು ಹುಡುಕಿ ತೆಗೆದಿಟ್ಟ ಹಳೆಯ ಸೀಟಿಯನ್ನು ಊದುತ್ತೇನೆ.

ಇಲ್ಲಿಗೆ ಕಥೆ ನೀತಿಯುತವಾಗಿ ಮುಗಿಯಬಹುದಿತ್ತು. ಆದರೆ ಆ ಕವಾಟ ಲೋಹದ್ದು, ಟಿಕ್ ಟಿಕ್ ಎನ್ನುತ್ತದೆ. ಹತ್ತಿರ ಕೂತರೆ ಬರಿಗಿವಿಗೇ ಕೇಳಿಸುತ್ತದೆ. ಬದುಕಿಡೀ ಗಡಿಯಾರಕ್ಕೆ ನಡೆದವನು ನಾನು, ಗಡಿಯಾರ ಸಿಕ್ಕಿದ್ದು ಅವನ ಎದೆಗೆ. ಇದೀಗ ಗೇಟು ಸದ್ದಾಯಿತು. ಸುಜಾತಾ, ಹಿಂದೆ ಗೆಳತಿಯರ ದಂಡು. "ತಾತಾ, ಕಾಕಾಂದು ಕೇಳಿ ಬರ್ತೀವಿ" ಎಂದು ಎಲ್ಲರೂ ಆಚೆಗೇ ಹೋದರು.

ಹೋಗಲಿ. ಸರಿ ಎದೆ ಹೇಗಿರುತ್ತದೆಂದು ಮತ್ತೆ ಕೇಳಿಕೊಳ್ಳಲು ಇತ್ತ ಬರಲೇಬೇಕು. ಯಾವುದಕ್ಕೂ ಇರಲೆಂದು ಇವತ್ತು ಬಲತೋಳನ್ನೂ ಮಡಿಸಿಟ್ಟಿದ್ದೇನೆ.