ಅಮ್ಮನ ಸೊಂಟವೇರಿದ ಎರ್ಮಾಳಿನ ಹುಡುಗಿ

ಎಂಬತ್ತರ ದಶಕದ ಆರಂಭ. ನನಗೆ ಹತ್ತು ವರ್ಷ. ಪೋಲಿಯೋ ಬಂದ ಎಡಗಾಲಿಗೆ ಮಣಿಪಾಲದ ಡಾಕ್ಟರರು ಕಬ್ಬಿಣದ ಸರಳಿನ ಬೂಟು ಹಾಕಿಸಿ, "ಇನ್ನು ಇವಳನ್ನು ಎತ್ತಬೇಡಿ, ನಡೆಯಲಿ" ಎಂದಿದ್ದರು. ಅಮ್ಮ ಆ ಮಾತನ್ನು ಹರಕೆಯಂತೆ ಪಾಲಿಸಿದಳು. ಕಾಪು ಪೇಟೆಯಲ್ಲಿ ಕಣ್ಣೆದುರಿಗೇ ಬಸ್ಸು ತಪ್ಪಿಹೋದರೂ ಎತ್ತಿಕೊಳ್ಳಲಿಲ್ಲ. ಎರಡು ವರ್ಷದಿಂದ ನಾನು ಅವಳ ಸೊಂಟ ಏರಿರಲಿಲ್ಲ.

ಆ ವರ್ಷ ಮಣಿಪಾಲದಲ್ಲಿ ಅಂಗವಿಕಲ ಮಕ್ಕಳ ಆಟೋಟ ಸ್ಪರ್ಧೆ. ನಾನು ಓಟಕ್ಕೆ ಸೇರಿದ್ದೆ. ಗೆದ್ದರೆ ಅಮ್ಮ ಒಮ್ಮೆಯಾದರೂ ಎತ್ತಿಯಾಳು ಎಂಬ ಆಸೆ ನನ್ನದು. ಸ್ಟೀಲ್ ತಟ್ಟೆಯ ಬಹುಮಾನ ಯಾರಿಗೆ ಬೇಕಿತ್ತು!

ಕಡಲತಡಿಯ ಎರ್ಮಾಳಿನಿಂದ ನನ್ನದೇ ಪ್ರಾಯದ ಹುಡುಗಿಯೊಬ್ಬಳು ಬಂದಿದ್ದಳು. ಎರಡು ಕಾಲಲ್ಲೂ ಶಕ್ತಿಯಿಲ್ಲ, ಕೈಯೂರಿಯೇ ಸಾಗುವವಳು. ಅವಳ ತಾಯಿ ಮೀನು ಮಾರಲು ಹೋಗಿದ್ದರಿಂದ ಟೀಚರ್ ಒಬ್ಬರೇ ಕರೆತಂದಿದ್ದರು. ಕಡಲ ಮರಳು ರೂಢಿಯಿದ್ದ ಆ ಕೈಗಳಿಗೆ ಮೈದಾನದ ಕಾದ ಜಲ್ಲಿ ತಾಗಿದ್ದೇ, ಹುಡುಗಿ ಹಿಂದೆ ಸರಿದಳು.

"ಎಂತ ಮಾರಾಯ್ತಿ, ಕೈ ಸುಡ್ತದಲ್ವಾ? ಬಾ" ಎಂದು ಅಮ್ಮ ಅವಳನ್ನು ಎತ್ತಿ ಸೊಂಟದಲ್ಲಿ ಕೂರಿಸಿಕೊಂಡಳು. ನನ್ನ ಸೊಂಟ ಅದು! ಹೊಟ್ಟೆಗೆ ಬೆಂಕಿ ಬಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂದರೆ ಇದೇ ಅಲ್ಲವೇ? ಆ ಹುಡುಗಿಯ ಕೈ ಸುಟ್ಟೇ ಹೋಗಬಾರದಿತ್ತೇ ಅಂದುಕೊಂಡೆ. ನಿಜವಾಗಿಯೂ ಅಂದುಕೊಂಡೆ, ಮುಚ್ಚಿಡುವುದೇನು?

ಆ ಸಿಟ್ಟಿನಲ್ಲೇ ಓಡಿದೆ. ಬೂಟು ಖಣಖಣ ಎನ್ನುತ್ತಿತ್ತು. ಮೊದಲಿಗಳಾಗಿ ಗೆರೆ ದಾಟಿ ತಿರುಗಿ ನೋಡಿದರೆ ಅಮ್ಮ ಈ ಕಡೆ ನೋಡಿಯೇ ಇಲ್ಲ! ಆ ಹುಡುಗಿಯನ್ನು ಅವಳ ಸ್ಪರ್ಧೆಗೆ, ಕೂತೇ ಚೆಂಡೆಸೆಯುವ ಕುರ್ಚಿಗೆ ಹೊತ್ತೊಯ್ಯುತ್ತಿದ್ದಳು.

ಅವರ ಮುಂದೆಯೇ ಹೋಗಿ ಬೇಕೆಂದೇ ಬಿದ್ದೆ. "ಅಮ್ಮಾ, ನನಗೆ ಏಳಲಿಕ್ಕೆ ಆಗುವುದಿಲ್ಲ."

"ಅಯ್ಯೋ ಪಾಪ, ಎತ್ತಿಕೊಳ್ಳಿ" ಎಂದರು ಸುತ್ತ ನಿಂತವರು.

ಅಮ್ಮ ನನ್ನನ್ನೇ ನೋಡಿದಳು. ಆ ಹುಡುಗಿಯನ್ನು ಇಳಿಸಲಿಲ್ಲ. "ನಿನಗೆ ಆಗ್ತದೆ. ಏಳು" ಎಂದಳು.

ಆ ಹುಡುಗಿ ಅಮ್ಮನ ಹೆಗಲ ಮೇಲಿಂದ ನನ್ನ ಬೂಟನ್ನೇ ನೋಡುತ್ತಿದ್ದಳು. "ನಿನಗೆ ಓಡಲಿಕ್ಕೆ ಬರ್ತದಾ?" ಎಂದು ಕೇಳಿದಳು. ಅವಳ ದನಿಯಲ್ಲೂ ನನ್ನದೇ ಹೊಟ್ಟೆಕಿಚ್ಚು.

ನಾನು ಎದ್ದೆ. ಅವಳಿಗೆ ಕಾಣಲಿ ಎಂದೇ ಕುರ್ಚಿಯವರೆಗೂ ಅವರ ಮುಂದೆ ಮುಂದೆ ಓಡಿದೆ.