ಯಾರು ಹಿಂದೆ ಉಳಿದದ್ದು

ನಾನು ಕೋಚ್ ಆಗಿರುವ ಫುಟ್‌ಬಾಲ್ ತಂಡದ ಇಬ್ಬರು ಡಿಫೆಂಡರ್‌ಗಳು ಮಾತು ಬಿಟ್ಟು ಎರಡು ವಾರವಾಗಿತ್ತು. ಹದಿನಾರು ವರ್ಷದ ಹುಡುಗಿಯರು, ಗೋಲಿನ ಮುಂದೆ ಅಕ್ಕಪಕ್ಕ ನಿಂತು ಆಡುವವರು. ಒಬ್ಬಳು ಎತ್ತರ, ಇನ್ನೊಬ್ಬಳು ಕುಳ್ಳಗೆ. ಎದುರಾಳಿಯನ್ನು ಆಫ್‌ಸೈಡ್‌ನಲ್ಲಿ ಸಿಕ್ಕಿಸಬೇಕಾದರೆ ಡಿಫೆಂಡರ್‌ಗಳೆಲ್ಲ ಒಟ್ಟಿಗೆ ಮುಂದಕ್ಕೆ ಓಡಬೇಕು. ಒಬ್ಬರು ಹಿಂದೆ ಉಳಿದರೂ ಕೆಟ್ಟಿತು. ಎರಡು ವಾರದ ಹಿಂದಿನ ಪಂದ್ಯದಲ್ಲಿ ಯಾರೋ ಉಳಿದರು, ಗೋಲಾಯಿತು. ಇವಳು ಅವಳೆಂದಳು, ಅವಳು ಇವಳೆಂದಳು. ಪಂದ್ಯದ ವಿಡಿಯೋ ಮಾಡಬೇಕಿದ್ದ ಒಬ್ಬ ಹುಡುಗಿಯ ಅಪ್ಪ ಆಗ ಕ್ಲಬ್ಬಿಗಾಗಿ ಕಾಫಿ ಮಾರುವ ಸರದಿಯಲ್ಲಿದ್ದ.

"ಅವಳ ಪಕ್ಕದಲ್ಲಾದರೆ ಆಟಾನೇ ಬಿಡ್ತೀನಿ" ಎಂದು ಎತ್ತರದವಳು ನನಗೆ ಹೇಳಿದಳು.

ಅವಳು ಹೇಳಿದ್ದನ್ನು ಮಾಡುವವಳು. ಅದಕ್ಕೇ ಗುರುವಾರದ ಅಭ್ಯಾಸ ಮುಗಿದ ಮೇಲೆ ಇಬ್ಬರನ್ನೂ ಕ್ಲಬ್ಬಿನ ಕೋಣೆಯಲ್ಲಿ ಫೀಕಾಕ್ಕೆ, ಅಂದರೆ ಇಲ್ಲಿನ ಕಾಫಿ-ಬನ್ನಿಗೆ, ಕೂರಿಸಿದೆ. ಶೂಗಳಿಂದ ಪ್ಲಾಸ್ಟಿಕ್ ಹುಲ್ಲಿನ ಮೈದಾನದ ಕಪ್ಪು ರಬ್ಬರ್ ಕಾಳು ಕೊಡವುತ್ತ ಕೂತರು, ಒಬ್ಬರನ್ನೊಬ್ಬರು ನೋಡದೆ. ನಾನು ನನ್ನ ಕಥೆ ಹೇಳಿದೆ.

ಹೆಂಡತಿಯ ಕೆಲಸದ ಹಿಂದೆ ಈ ಪರದೇಶದ ಊರು ಎಸ್ಕಿಲ್‌ಸ್ಟುನಾಕ್ಕೆ ಬರುವ ಮೊದಲು ಹನ್ನೊಂದು ವರ್ಷ ಬೆಂಗಳೂರಿನ ಕಾರ್ಖಾನೆಯೊಂದರ ತಂಡದಲ್ಲಿ ಡಿಫೆಂಡರ್ ಆಗಿದ್ದೆ. ಸಂಬಳಕ್ಕೆ ಆಡಿದವನು. ಲೀಗಿನ ಕೊನೆಯ ಪಂದ್ಯದಲ್ಲಿ ನಾವೆಲ್ಲ ಮುಂದಕ್ಕೆ ಓಡಿದೆವು, ನನ್ನ ಪಕ್ಕದ ಜೋಡಿ ಡಿಫೆಂಡರ್ ಓಡಲಿಲ್ಲ. ನಾನು ಆಫ್‌ಸೈಡ್ ಎಂದು ಕೈ ಎತ್ತಿದೆ. ಲೈನ್ಸ್‌ಮನ್‌ನ ಬಾವುಟ ಏಳಲಿಲ್ಲ, ಗೋಲಾಯಿತು. ಸೋತು ಕೆಳಗಿನ ಡಿವಿಷನ್‌ಗೆ ಇಳಿದೆವು. "ಆದರೂ ನಾನು ಅವನನ್ನು ಕ್ಷಮಿಸಿದೆ" ಎಂದು ಮುಗಿಸಿದೆ. ಮ್ಯಾನೇಜರ್ ಕೇಳಿದಾಗ ಅವನ ಹೆಸರು ಹೇಳಿದ್ದು ನಾನೇ, ಮುಂದಿನ ವರ್ಷ ಅವನನ್ನು ತಂಡದಲ್ಲಿ ಉಳಿಸಿಕೊಳ್ಳಲಿಲ್ಲ ಎಂಬುದನ್ನು ಹೇಳಲಿಲ್ಲ.

"ವಿಡಿಯೋ ಇದೆಯಾ?" ಕುಳ್ಳಗಿನವಳು ಕೇಳಿದಳು.

"ಯಾಕೆ ಬೇಕು? ನನಗೆ ಚೆನ್ನಾಗಿ ನೆನಪಿದೆ."

"ನಮಗೂ ಚೆನ್ನಾಗಿಯೇ ನೆನಪಿದೆ" ಅಂದಳು ಎತ್ತರದವಳು. "ಇಬ್ಬರಿಗೂ."

ಮನೆಗೆ ಬಂದು ಹಳೆಯ ಡೈರಿ ತೆಗೆದೆ. ಆವತ್ತಿನ ಪುಟದಲ್ಲಿ ನನ್ನದೇ ಅಕ್ಷರ: "ಅವನು ಮುಂದಕ್ಕೆ ಬರಲಿಲ್ಲ." ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹದಿನೆಂಟು ವರ್ಷದಲ್ಲಿ ಆ ಪುಟವನ್ನು ಎಷ್ಟು ಸಲ ಓದಿದ್ದೇನೋ. ನನಗೆ ನೆನಪಿರುವುದು ಪಂದ್ಯವೋ, ಪುಟವೋ?

ಭಾನುವಾರ ಅವನಿಗೆ ಫೋನ್ ಮಾಡಿದೆ. ಅವನೀಗ ಬೆಂಗಳೂರಿನ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು.

"ಆ ಮ್ಯಾಚ್‌ದು ವಿಡಿಯೋ ಯಾರ ಹತ್ರ ಇರಬಹುದೋ?"

"ನನ್ನ ಹತ್ರಾನೇ ಇದೆ. ಯಾಕೆ ಮಗಾ ಈಗ? ಅಲ್ಲಿ ನೋಡೋಕೆ ಬೇರೇನೂ ಸಿಗಲ್ವಾ?"

"ಕಳಿಸೋ."

"ಕಳಿಸ್ತೀನಿ. ನೋಡಿ ಅತ್ಕೊಂಡು ಫೋನ್ ಮಾಡ್ಬೇಡ. ಭಾನುವಾರ ಮಧ್ಯಾಹ್ನ ನಾನು ಮಲಗ್ತೀನಿ."

ಚಿತ್ರ ಮಸುಕಾಗಿತ್ತು, ಆದರೆ ಅನುಮಾನಕ್ಕೆ ಜಾಗವಿರಲಿಲ್ಲ. ಮೂವರು ಮುಂದಕ್ಕೆ ಓಡುತ್ತಾರೆ. ಅವರಲ್ಲಿ ಅವನೂ ಇದ್ದಾನೆ, ಎಲ್ಲರಿಗಿಂತ ಮೊದಲು. ನಾಲ್ಕನೆಯವನು ಮೂರು ಹೆಜ್ಜೆ ಹಿಂದೆ ನಿಂತು ಚೆಂಡನ್ನೇ ನೋಡುತ್ತಿದ್ದಾನೆ. ಆಮೇಲೆ ಕೈ ಎತ್ತುತ್ತಾನೆ. ಅದು ನಾನು.

ಮತ್ತೆ ಫೋನ್ ಮಾಡಿದೆ. ಅವನು ಮಲಗಿರಲಿಲ್ಲ.

"ನಿಂಗೆ ಯಾವಾಗಿಂದ ಗೊತ್ತು?"

"ಆವತ್ತಿಂದ. ಮೈದಾನದಲ್ಲಿ ನಾನೂ ಇದ್ನಲ್ಲೋ."

"ಹೇಳಬಾರದಿತ್ತಾ?"

"ಮ್ಯಾನೇಜರ್‌ಗೆ ಹೇಳಿದ್ದೆ. ನೀನು ಡಿಗ್ರಿ ಮಾಡಿದೋನು, ಮಾತು ಚೆನ್ನಾಗಿ ಬರ್ತಿತ್ತು. ನಿನ್ನನ್ನ ನಂಬಿದ್ರು." ಆಮೇಲೆ, "ನಿನ್ನ ಮುಖ ನೋಡಬಾರ್ದು ಅಂತಲೇ ಇದ್ದೆ. ನಿನ್ನ ಮದುವೆಗೆ ಬಂದಿದ್ದು ಊಟ ಚೆನ್ನಾಗಿರುತ್ತೆ ಅಂತ."

ತಪ್ಪಾಯಿತು ಅಂದೆ. "ಹೂಂ" ಅಂದ, ಅಷ್ಟೇ. ಪರವಾಗಿಲ್ಲ ಎನ್ನಲಿಲ್ಲ. ಹುಡುಗಿಯರ ವಿಷಯ ಹೇಳಿದ ಮೇಲೆ ಅವನ ದನಿ ಸ್ವಲ್ಪ ಸಡಿಲವಾಯಿತು. "ಅವರಿಗೆ ತೋರಿಸು. ನಾನು ಎಷ್ಟು ಬೇಗ ಮುಂದಕ್ಕೆ ಬಂದೆ ಅಂತಾನೂ ತೋರಿಸು."

ಮಂಗಳವಾರ ತೋರಿಸಿದೆ. ಇಲ್ಲಿ ಕೋಚನ್ನು ಸರ್ ಅನ್ನುವುದಿಲ್ಲ, ಮರ್ಯಾದೆಗೆಂದು ಬಾಯಿ ಮುಚ್ಚುವುದೂ ಇಲ್ಲ.

"ಹಿಂದೆ ಇರೋದು ನೀನೇ ಅಲ್ವಾ?" ಎತ್ತರದವಳು ಕೇಳಿದಳು.

"ಹೌದು."

"ಮೇಲಿಂದ ಕೈ ಬೇರೆ ಎತ್ತಿದ್ದೀಯ!" ಕುಳ್ಳಗಿನವಳಿಗೆ ನಗು ತಡೆಯಲಾಗಲಿಲ್ಲ. ಎತ್ತರದವಳು ನಗಲಿಲ್ಲ. "ಅವನ ಹತ್ತಿರ ತಪ್ಪಾಯ್ತು ಅಂದೆಯಾ?"

"ಮೊನ್ನೆ ಭಾನುವಾರ."

"ಈ ಭಾನುವಾರ?"

ಹೌದೆಂದು ತಲೆಯಾಡಿಸಿದೆ. ಇಬ್ಬರೂ ಮತ್ತೆ ಮತ್ತೆ ಹಿಂದಕ್ಕೋಡಿಸಿ ನೋಡಿದರು.

"ಇವನು ಪಕ್ಕದವನನ್ನ ನೋಡ್ತಾನೇ ಇಲ್ಲ" ಅಂದಳು ಕುಳ್ಳಗಿನವಳು.

"ನೀನೂ ನೋಡಲ್ಲ" ಅಂದಳು ಎತ್ತರದವಳು. ಎರಡು ವಾರದಲ್ಲಿ ಅವಳಿಗೆ ನೇರವಾಗಿ ಆಡಿದ ಮೊದಲ ಮಾತು.

"ನೀನು ನೋಡ್ತೀಯಾ?"

"ಇಲ್ಲ. ಹಾಗಾದ್ರೆ ಯಾರಾದರೊಬ್ಬರು ಕೂಗಬೇಕು."

ಯಾರು ಕೂಗಬೇಕು ಎಂಬುದರ ಮೇಲೆ ಮತ್ತೆ ಜಗಳ. ನಾನು ಮಧ್ಯೆ ಹೋಗಲಿಲ್ಲ. ಜಗಳವಾಡುತ್ತಲೇ ಚೆಂಡು ತೆಗೆದುಕೊಂಡು ಹೊರಗೆ ಹೋದರು.

ಶನಿವಾರ ಇಬ್ಬರೂ ಅಕ್ಕಪಕ್ಕ ಆಡಿದರು, ಗಂಟಲು ಬಿದ್ದುಹೋಗುವ ಹಾಗೆ ಕೂಗುತ್ತ. ಗೆಲ್ಲಲಿಲ್ಲ, ಎರಡು–ಎರಡು. ನಮ್ಮ ಬಲೆಗೆ ಎರಡನೆಯ ಗೋಲು ಬಿದ್ದಾಗ ನಾನು ಇಬ್ಬರ ಕಡೆ ತಿರುಗಿದೆ. ಕುಳ್ಳಗಿನವಳು ಎದೆ ಮುಟ್ಟಿಕೊಂಡು "ನಂದು" ಅಂದಳು. ಎತ್ತರದವಳು ಬಲೆಯಿಂದ ಚೆಂಡು ತೆಗೆದು, ಅವಳ ಬೆನ್ನಿಗೊಂದು ಗುದ್ದಿ, ಮಧ್ಯದ ಗೆರೆಯತ್ತ ಓಡಿದಳು. ಆ ತಪ್ಪು ನಿಜಕ್ಕೂ ಅವಳದೇ ಆಗಿತ್ತೋ ಇಲ್ಲವೋ, ನಾನು ನಿಂತಿದ್ದ ಜಾಗದಿಂದ ಸರಿಯಾಗಿ ಕಾಣಲಿಲ್ಲ.