ಅಣ್ಣ ಬಿಡಿಸಿ ಹೇಳಿದ ಪದ

"ಹಾಗಾದ್ರೆ ನೀವೂ ಕೈಬಿಟ್ರಿ ಅನ್ನಿ" ಎಂದು ಅತ್ತಿಗೆ ಡಾಕ್ಟರ ಮುಖ ನೋಡದೆ ಹೇಳಿದರು. ಚಾಮರಾಜಪೇಟೆಯ ಮನೆಗೇ ಬಂದು ನನ್ನ ಅಣ್ಣನನ್ನು ಪರೀಕ್ಷಿಸಿದ್ದ ಡಾಕ್ಟರು, ಕ್ಯಾನ್ಸರ್ ಮೂಳೆಗೂ ಹರಡಿದೆ, ಇನ್ನು ಕಿಮೋ ಬೇಡ, ನೋವು ತಗ್ಗಿಸಿ ನೋಡಿಕೊಳ್ಳುವ ಪ್ಯಾಲಿಯೇಟಿವ್ ಕೇರ್ ಶುರುಮಾಡೋಣ ಎಂದು ಆಗಷ್ಟೇ ತಿಳಿಸಿದ್ದರು. ಅತ್ತಿಗೆಗೋ, ಅವನನ್ನು ಚೆನ್ನೈನ ಇನ್ನೊಂದು ಆಸ್ಪತ್ರೆಗೆ ಕರೆದೊಯ್ಯುವ ಹಟ. ಮರುದಿನಕ್ಕೆ ಕಾರನ್ನೂ ಗೊತ್ತುಮಾಡಿದ್ದರು.

ಡಾಕ್ಟರು ಉತ್ತರಿಸುವ ಮೊದಲೇ ಮಂಚದಿಂದ ಅಣ್ಣನ ದನಿ ಬಂತು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ಅವನು.

"ಸರೋಜಾ, ಪ್ಯಾಲಿಯೇಟಿವ್ ಅನ್ನೋದು ಲ್ಯಾಟಿನ್‌ನಿಂದ ಬಂದಿರೋ ಪದ. ಪ್ಯಾಲಿಯಮ್ ಅಂದ್ರೆ ಮೈಮೇಲೆ ಹೊದ್ಕೊಳ್ಳೋ ಬಟ್ಟೆ. ಚಳಿಗಾಲಾನ ಯಾರೂ ಓಡ್ಸಕ್ಕಾಗಲ್ಲ. ಆದ್ರೆ ನಡುಗ್ತಿರೋನಿಗೆ ಹೊದಿಸಬಹುದಲ್ಲ. ಇವ್ರು ಹೇಳ್ತಿರೋದು ಅದನ್ನೇ. ನಂಗೆ ಇನ್ನೆಲ್ಲಿಗೂ ಹೋಗೋದು ಬೇಡ."

ಅತ್ತಿಗೆ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತು, "ನೋವಿನ ಔಷಧಿ ಯಾವಾಗ್ಯಾವಾಗ ಕೊಡ್ಬೇಕು, ಹೇಳಿ ಡಾಕ್ಟ್ರೇ" ಎಂದು ಕೇಳಿದರು. ನಾನು ಹೊರಗೆ ಹೋಗಿ, ಬರುವುದು ಬೇಡವೆಂದು ಕಾರಿನವರಿಗೆ ಫೋನ್ ಮಾಡಿದೆ.

ಅಣ್ಣ ಕೆಲವು ವಾರಗಳ ನಂತರ ಮನೆಯಲ್ಲೇ, ಹೆಚ್ಚು ನರಳದೆ ತೀರಿಕೊಂಡ. ಈಗ ನೆಂಟರಿಷ್ಟರಲ್ಲಿ ಯಾರಾದರೂ ಅದೇ ಪದ ಕೇಳಿ, ಇನ್ನೇನೂ ಮಾಡುವುದಿಲ್ಲವಂತೆ ಎಂದು ಅಳುತ್ತಾ ಬಂದರೆ, ಅತ್ತಿಗೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಹೇಳುತ್ತಾರೆ: "ಹಂಗಲ್ಲ, ಮಾಡೋದು ಇನ್ನೂ ತುಂಬಾ ಇದೆ."